ಸಂತೆಯ ಮಾತು, ಸಭೆಯ ಮಾತು: ಮಂಗಳೂರಿನ ಬಾಸೆಲ್ ಮಿಶನ್ನಿನ ಉಪದೇಶ ಸಾಹಿತ್ಯವನ್ನು ಕುರಿತು

ಧರ್ಮೋಪದೇಶಕನ ಮುಂದೆ ಎರಡು ಬಗೆಯ ಶ್ರೋತೃಗಳಿರುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದವರು ಕ್ಷಣಕಾಲ ನಿಂತು ಕೇಳುವ ಜನಸಂದಣಿ ಒಂದು. ನಂಬಿಕೆಯನ್ನು ಒಪ್ಪಿ, ಅದರ ಸಲುವಾಗಿ ಕಷ್ಟನಷ್ಟಗಳನ್ನೂ ತಾಳಿ, ವಾರವಾರವೂ ಬಂದು ಕುಳಿತುಕೊಳ್ಳುವ ಸಭೆ ಮತ್ತೊಂದು. ಈ ಇಬ್ಬರಿಗೂ ಒಂದೇ ಮಾತನ್ನಾಡಬೇಕೆ, ಬೇರೆಬೇರೆ ಮಾತನ್ನಾಡಬೇಕೆ ಎಂಬ ಪ್ರಶ್ನೆ ಕ್ರೈಸ್ತಧರ್ಮದಷ್ಟೇ ಹಳೆಯದು. ಯೇಸು ಜನರಿಗೆ ಸಾಮ್ಯಗಳ ಮೂಲಕ ಬೋಧಿಸಿ, ಶಿಷ್ಯರಿಗೆ ಏಕಾಂತದಲ್ಲಿ ಅವುಗಳ ಅರ್ಥವನ್ನು ಬಿಡಿಸಿ ಹೇಳಿದನೆಂದು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತಿಳಿಸುತ್ತದೆ. ಮತ್ತಾಯನ ಸುವಾರ್ತೆಯ ಪರ್ವತಪ್ರಸಂಗದಲ್ಲಾದರೋ ಶಿಷ್ಯರು ಹತ್ತಿರ ಬಂದ ಮೇಲೆ ಬೋಧನೆ ಆರಂಭವಾಗುತ್ತದೆ. ಅದು ಮುಗಿದಾಗ ಬೆರಗಾಗುವವರು ಮಾತ್ರ ಜನಸಮೂಹದವರು. ಶಿಷ್ಯರಿಗೆಂದು ಆಡಿದ ಮಾತನ್ನು ಸಂದಣಿಯೂ ಕೇಳಿಸಿಕೊಂಡಿತ್ತು. ಈ ಎರಡು ಮಾದರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಂಗಳೂರಿನ ಬಾಸೆಲ್ ಮಿಶನ್ನಿನ ಉಪದೇಶ ಸಾಹಿತ್ಯವನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಸ್ಯಾಮ್ಯುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಶನರಿಗಳು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದನು. ಬೀದಿ, ಸಂತೆ, ಜಾತ್ರೆಗಳಲ್ಲಿ ನಿಂತು ಸಾರುವುದು ಇವರ ನಿತ್ಯದ ಕೆಲಸವಾಗಿತ್ತು. ಹೆಬಿಕ್ ಮುಂದೆ ಕಣ್ಣಾನೂರಿಗೆ ಹೋಗಿ, ತಳಿಪರಂಬ, ಪಯ್ಯಾವೂರುಗಳ ಉತ್ಸವಗಳಲ್ಲಿ ಸಾರಿ ಹೆಸರಾದವನು. ಅಲ್ಲಿ ಮಲಯಾಳದಲ್ಲಿ ಮಾತನಾಡಲು ದುಭಾಷಿಯ ನೆರವನ್ನೇ ನೆಚ್ಚಿಕೊಂಡಿದ್ದನು. ಸಂತೆಯ ಈ ಉಪದೇಶ ನಿಷ್ಫಲವಾಯಿತು, ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆಗಳು ಸಫಲವಾದವು ಎಂಬ ಅಭಿಪ್ರಾಯ ನಮ್ಮಲ್ಲಿ ಸಾಮಾನ್ಯವಾಗಿದೆ. ಈ ಅಭಿಪ್ರಾಯದಲ್ಲಿ ಸತ್ಯಾಂಶವಿದ್ದರೂ ಅದು ಕಾರಣವನ್ನು ತಪ್ಪಾದ ಕಡೆ ಹುಡುಕುತ್ತದೆ. ದೋಷವು ಸಂತೆಯಲ್ಲಿ ಮಾತನಾಡಿದ್ದರಲ್ಲಿರಲಿಲ್ಲ. ಸಂತೆಗೊಂದು ಮಾತು, ಸಭೆಗೊಂದು ಮಾತು ಎಂದು ಉಪದೇಶವನ್ನು ಸೀಳಿದ್ದರಲ್ಲಿತ್ತು.

ಮೊದಲು ಆಧಾರಗಳ ವಿಷಯ. ಸಂತೆಯಲ್ಲಿ ಆಡಿದ ಮಾತು ಗಾಳಿಗೆ ಹೋಯಿತು. ನಮಗೆ ಉಳಿದಿರುವುವು ಅಚ್ಚಾದ ಕಿರುಹೊತ್ತಗೆಗಳು ಮತ್ತು ಮಿಶನರಿಗಳು ಬಾಸೆಲಿಗೆ ಬರೆದ ವರದಿಗಳು. ಈ ವರದಿಗಳಿಗೆ ಮೂರನೆಯ ಶ್ರೋತೃವರ್ಗವೊಂದಿತ್ತೆಂಬುದನ್ನು ಮರೆಯಲಾಗದು: ಮಿಶನ್ನಿಗೆ ಹಣ ಕೊಡುತ್ತಿದ್ದ ಜರ್ಮನಿ, ಸ್ವಿಟ್ಜರ್ಲೆಂಡುಗಳ ಭಕ್ತರು. ಸಂದಣಿ ನಕ್ಕಿತು, ಮಣ್ಣೆರಚಿತು, ಒಬ್ಬ ಮುದುಕ ಮಾತ್ರ ಮೌನವಾಗಿ ಕೇಳಿದ ಎಂಬ ಬಗೆಯ ವರ್ಣನೆಗಳು ಆ ಓದುಗರ ಮನಸ್ಸನ್ನು ಮುಟ್ಟಲು ತಕ್ಕವು. ಅವು ಸುಳ್ಳೆಂದು ನಾವು ಹೇಳುವುದಿಲ್ಲ; ಆದರೆ ಸಂದಣಿಯ ಮುಖವನ್ನು ನಾವು ಉಪದೇಶಕನ ಕಣ್ಣಿನಿಂದಲೇ ನೋಡುತ್ತಿದ್ದೇವೆಂಬ ಎಚ್ಚರ ಇತಿಹಾಸದ ವಿದ್ಯಾರ್ಥಿಗೆ ಇರತಕ್ಕದ್ದು.

ಈ ಎಚ್ಚರದಿಂದ ನೋಡಿದರೂ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಂತೆಯ ಮಾತು ಬಹುಮಟ್ಟಿಗೆ ಖಂಡನೆಯ ಮಾತು. ವಿಗ್ರಹಾರಾಧನೆ ವ್ಯರ್ಥ, ಭೂತಾರಾಧನೆ ಸೈತಾನನ ಸೇವೆ, ಜಾತಿ ಅನ್ಯಾಯ ಎಂದು ವಾದಿಸಿ ಎದುರಾಳಿಯನ್ನು ನಿರುತ್ತರನನ್ನಾಗಿಸುವುದೇ ಅದರ ಗುರಿ. ಸಭೆಯ ಮಾತು ಬಹುಮಟ್ಟಿಗೆ ಶಿಸ್ತಿನ ಮಾತು. ತುಳುನಾಡಿನ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚಿನವರು. ಕಳ್ಳು ಇಳಿಸುವ ಕಸುಬನ್ನು ಸಭೆ ಒಪ್ಪಲಿಲ್ಲ; ಮನೆಯ ಭೂತಸ್ಥಾನವನ್ನು ಬಿಡಬೇಕಾಯಿತು; ಕುಟುಂಬದ ನೆರವು ತಪ್ಪಿತು. ನೇಯ್ಗೆಯ ಶಾಲೆ, 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ ಇವೆಲ್ಲ ಇಂಥವರ ಜೀವನೋಪಾಯಕ್ಕೂ ಒದಗಿದವು. ಎಲ್ಲವನ್ನೂ ತೊರೆದು ಬಂದ ಮನುಷ್ಯನಿಗೆ ಸಭೆಯಲ್ಲಿ ದೊರೆತದ್ದು ಮಾಡಬೇಕಾದುವುಗಳ, ಮಾಡಬಾರದುವುಗಳ ಪಟ್ಟಿ. ಹೀಗೆ ಸಂದಣಿಗೆ ಅದರ ದೇವರುಗಳ ನಿಂದೆ, ಸಭೆಗೆ ಅದರ ನಡತೆಯ ವಿಚಾರಣೆ. ಇವೆರಡರ ನಡುವೆ, ಸಾರಬೇಕಾಗಿದ್ದ ಶುಭವಾರ್ತೆಯೇ ಎಷ್ಟೋ ಸಲ ಎಡೆಯಿಲ್ಲದೆ ನಿಂತಿತು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಖಂಡನೆಯಿಲ್ಲದೆ ಮನಃಪರಿವರ್ತನೆ ಎಂತು? ಹರ್ಮನ್ ಆನಂದರಾವ್ ಕೌಂಡಿನ್ಯನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸಾರಸ್ವತ ಬ್ರಾಹ್ಮಣ ಕುಲದ ಈ ತರುಣನು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಪಟ್ಟಣದಲ್ಲಿ ಕೋಲಾಹಲವೆದ್ದಿತು. ಅವನು ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ಪಾದ್ರಿಯಾಗಿ ಮರಳಿ, 1893ರಲ್ಲಿ ತೀರಿಕೊಳ್ಳುವವರೆಗೂ ಸೇವೆಯಲ್ಲಿದ್ದನು. ಆದರೆ ಅವನು ಸಂತೆಯ ವಾದದಲ್ಲಿ ಸೋತು ಬಂದವನಲ್ಲ. ಮಿಶನ್ನಿನ ಶಾಲೆಯಲ್ಲಿ ಕಲಿತು, ಮೋಗ್ಲಿಂಗನ ಒಡನಾಟದಲ್ಲಿ ಬೆಳೆದವನು. ಸಂದಣಿಗೂ ಸಭೆಗೂ ನಡುವಣ ಹೊಸ್ತಿಲಿನಲ್ಲಿ ನಿಂತು ಬಹುಕಾಲ ಕೇಳಿಸಿಕೊಂಡವನು. ಆಕ್ಷೇಪಣೆಗೆ ಈ ಉದಾಹರಣೆ ನೆರವಾಗುವುದಿಲ್ಲ.

ಆ ಹೊಸ್ತಿಲಿನಲ್ಲಿ ನಿಂತವರಿಗೂ ಕೇಳುವಂಥ ಸಾಹಿತ್ಯವನ್ನು ಮಿಶನ್ ತಾನೇ ನಿರ್ಮಿಸಿತ್ತೆಂಬುದು ಗಮನಾರ್ಹ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ದಲ್ಲಿ ಮೋಗ್ಲಿಂಗನು ಊರ ಸುದ್ದಿ, ಸರಕಾರದ ಕಾನೂನು, ಕಥೆಗಳನ್ನು ಒಂದೇ ಹಾಳೆಯಲ್ಲಿ ತಂದು, ಜನರನ್ನು ಎದುರಾಳಿಗಳೆಂದು ಬಗೆಯದೆ ಓದುಗರೆಂದು ಬಗೆದನು. ಮನುಷ್ಯನ ಹೃದಯವನ್ನೇ ಚಿತ್ರಿಸಿ, ಅದರಲ್ಲಿ ಗರ್ವಕ್ಕೆ ನವಿಲನ್ನೂ ಹೊಟ್ಟೆಬಾಕತನಕ್ಕೆ ಹಂದಿಯನ್ನೂ ಕೂರಿಸಿದ ‘ಹೃದಯದರ್ಪಣ’ವು ಮೂಲತಃ ಜರ್ಮನ್ ಪುಸ್ತಕ. ಆದರೆ ಅರಿಷಡ್ವರ್ಗಗಳ ಮಾತನ್ನು ಕೇಳಿ ಬೆಳೆದ ನಾಡಿನಲ್ಲಿ ಅದು ಪರಕೀಯವಾಗಿ ತೋರಬೇಕಾಗಿರಲಿಲ್ಲ. ಹೊರಗಿನವನಿಗೆ ಅದು ಬೆರಳು ತೋರುವುದಿಲ್ಲ. ಒಳಗಿನವನನ್ನು ಬಿಟ್ಟುಕೊಡುವುದೂ ಇಲ್ಲ. ಕಿಟೆಲನು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಇನ್ನೂ ಮುಂದೆ ಹೋಯಿತು. ಕ್ರಿಸ್ತನ ಚರಿತ್ರೆಯನ್ನು ಅದು ದೇಶೀಯ ಛಂದಸ್ಸಿನಲ್ಲಿ ಹಾಡಿತು. ವಾದಕ್ಕೆ ಪ್ರತಿವಾದವುಂಟು, ಕಥೆಗೆ ಕೇಳುವ ಕಿವಿ ಮಾತ್ರ ಬೇಕು.

ಭಾಷೆಯ ಪ್ರಶ್ನೆಯೂ ಇಲ್ಲಿ ಸೇರಿಕೊಂಡಿದೆ. ಶಾಲೆ, ಅಚ್ಚುಕೂಟಗಳ ಪ್ರಧಾನ ಭಾಷೆ ಕನ್ನಡ. ಹೆಚ್ಚಿನ ಭಕ್ತರ ಮನೆಮಾತು ತುಳು. ಗ್ರೈನರನು ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು, 1847ರಲ್ಲಿ ಅದು ಅಚ್ಚಾದದ್ದು ಸಭೆಗೆ ಮಾಡಿದ ದೊಡ್ಡ ಉಪಕಾರ. ಸಂತೆಯ ಮಾತೂ ಮನೆಯ ಮಾತೂ ಪ್ರಾರ್ಥನೆಯ ಮಾತೂ ಒಂದಾಗುವ ಸಾಧ್ಯತೆ ಅಲ್ಲಿ ತೆರೆಯಿತು. 1886ರಲ್ಲಿ ಮೆನ್ನರನ ತುಳು ನಿಘಂಟು ಹೊರಬಂದಿತು; ಅದೇ ಮಿಶನರಿ ಭೂತಗಳ ಪಾಡ್ದನಗಳನ್ನೂ ಸಂಗ್ರಹಿಸಿ ಮಿಶನ್ನಿನ ಅಚ್ಚುಕೂಟದಲ್ಲೇ ಮುದ್ರಿಸಿದನು. ಅರ್ಧಶತಮಾನ ಸಂದಣಿಗೆ ಹೇಳುತ್ತ ಬಂದ ಮಿಶನ್ ಈಗ ಸಂದಣಿಯ ಮಾತನ್ನು ಕೇಳಲು ಕುಳಿತಿತು. ಉದ್ದೇಶ ಮತಪ್ರಚಾರವೇ ಆಗಿದ್ದಿರಬಹುದು. ಫಲ ಅದಕ್ಕಿಂತ ಹಿರಿದಾಯಿತು.

ಇದೇ ಊರಿನ ಕಥೋಲಿಕ ಪರಂಪರೆಯೊಡನೆ ಹೋಲಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿತ್ ಪಾದ್ರಿ ಗೋವೆಯಲ್ಲಿ ರಚಿಸಿ 1616ರಲ್ಲಿ ಅಚ್ಚಿಗೆ ಕೊಟ್ಟ ‘ಕ್ರಿಸ್ತಪುರಾಣ’ವನ್ನು ಜೆ. ಎಲ್. ಸಲ್ದಾನ ಅವರು 1907ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಮುದ್ರಿಸಿದರು. ಓವಿ ಛಂದಸ್ಸಿನ ಈ ಕಾವ್ಯ ಹುಟ್ಟಿದ್ದು ಸಂದಣಿಯನ್ನು ಗೆಲ್ಲುವುದಕ್ಕಲ್ಲ. ಹಳೆಯ ಪುರಾಣಗಳನ್ನು ಬಿಟ್ಟುಬಂದ ಹೊಸ ಭಕ್ತರ ಕಿವಿ ಬರಿದಾಗಿತ್ತು, ಅದನ್ನು ತುಂಬುವುದಕ್ಕೆ. ಕಿಟೆಲನು ಪರಂಪರೆಯ ಕಾವ್ಯಕ್ಕೆ ಒಗ್ಗಿದ ಕಿವಿಯನ್ನು ನೆನೆದು ಬರೆದರೆ, ಸ್ಟೀಫನ್ಸ್ ಒಳಗಿನವನನ್ನು ನೆನೆದು ಬರೆದನು. ಇಬ್ಬರೂ ಬಂದು ಸೇರಿದ ತಾಣ ಒಂದೇ: ನಾಡಿನವರು ಹಾಡಿಕೊಳ್ಳಬಲ್ಲ ಕಥನ. ನಮ್ಮ ಕರಾವಳಿಯಲ್ಲಿ ಇಗರ್ಜಿಯ ಉಪದೇಶಕ್ಕೂ ಯಕ್ಷಗಾನದ ಕಥಾನಕಕ್ಕೂ ಪ್ರಸಂಗವೆಂಬ ಒಂದೇ ಹೆಸರಿರುವುದು ಇಲ್ಲಿ ನೆನಪಾಗುತ್ತದೆ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಯ ಮಾತು ಕಥೆ ಬಲ್ಲ ಪಂಡಿತನಿಗೂ ಬೇಕು, ಬಾಗಿಲಲ್ಲಿ ನಿಂತ ದಾರಿಹೋಕನಿಗೂ ಬೇಕು.

ಈ ವಿಚಾರ ಗತಕಾಲಕ್ಕಷ್ಟೇ ಸೇರಿದ್ದಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳು ನಡೆದವು. ಆ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಹಿಂದೂ ದೇವತೆಗಳನ್ನು ಹಳಿಯುವುದೆಂದು ಆರೋಪಿಸಲಾದ ಕಿರುಹೊತ್ತಗೆಯೊಂದನ್ನು ಆಗ ನೆಪವಾಗಿ ಮುಂದಿಡಲಾಯಿತು. ಏಟು ತಿಂದವರಲ್ಲಿ ಆ ಹೊತ್ತಗೆಯೊಡನೆ ಸಂಬಂಧವೇ ಇಲ್ಲದವರೂ ಇದ್ದರು. ಅಚ್ಚಾದ ಮಾತು ಯಾವ ಗೋಡೆಯೊಳಗೂ ನಿಲ್ಲುವುದಿಲ್ಲ. ಸಭೆಯೊಳಗಿನವರಿಗೆಂದು ಬರೆದದ್ದನ್ನು ಸಂದಣಿ ಓದುತ್ತದೆ. ಸಂದಣಿಗೆಂದು ಆಡಿದ್ದರ ಭಾರವನ್ನು ಸಭೆ ಹೊರುತ್ತದೆ.

ಇದರಿಂದ ನಾವು ತಲಪುವ ಒರೆಗಲ್ಲು ಸರಳವಾದದ್ದು. ಭಕ್ತರಿಗೆ ಹೇಳಿದ್ದನ್ನು ಹೊರಗಿನವನು ಕೇಳಿಸಿಕೊಂಡರೆ ಉಪದೇಶಕನು ನಾಚಬಾರದು. ಹೊರಗಿನವನಿಗೆ ಹೇಳಿದ್ದು ಭಕ್ತನು ಬಾಳಿ ತೋರಿಸಲಾಗದ ಮಾತಾಗಿರಬಾರದು. ಶಿಷ್ಯರಿಗೆ ಏಕಾಂತದ ವಿವರಣೆ ಬೇಕು ನಿಜ. ಆದರೆ ಅದು ಸಂದಣಿಗೆ ಹೇಳಿದ ಕಥೆಯದೇ ವಿವರಣೆಯಾಗಿರಬೇಕು. ಈ ಒರೆಗಲ್ಲಿಗೆ ಹಚ್ಚಿದರೆ ಮಿಶನ್ನಿನ ಖಂಡನಗ್ರಂಥಗಳು ಮಸುಕಾಗುತ್ತವೆ. ಗ್ರೈನರನ ತುಳು ಹೊಸ ಒಡಂಬಡಿಕೆ, ‘ಹೃದಯದರ್ಪಣ’, ‘ಕಥಾಮಾಲೆ’ಗಳು ಹೊಳೆಯುತ್ತವೆ. ಬಲ್ಮಠದ ದೇವಶಾಸ್ತ್ರ ಕಾಲೇಜಿನ ಗ್ರಂಥಭಂಡಾರದಲ್ಲಿ ಈ ಕಾಲದ ಕನ್ನಡ, ತುಳು ಮುದ್ರಣಗಳು ಸಂಗ್ರಹವಾಗಿವೆ. ನಮ್ಮ ವಿದ್ಯಾರ್ಥಿಗಳು ಅವನ್ನು ಯಾವಾಗ ಅಚ್ಚಾದವೆಂದು ಮಾತ್ರ ನೋಡದೆ, ಯಾರ ಕಿವಿಯನ್ನು ನೆನೆದು ಬರೆಯಲ್ಪಟ್ಟವೆಂದೂ ಕೇಳಿ ಓದಿದರೆ ಈ ನಾಡಿನ ಧರ್ಮಸಂವಾದದ ಚರಿತ್ರೆಗೆ ಉಪಕಾರವಾದೀತು.