ಬಾನೆಟ್ ಮೇಲಿನ ಎರಡು ತೂತು

ಶಓಮಿ ಕಂಪನಿಯ ಎಸ್‌ಯು7 ಅಲ್ಟ್ರಾ ಬಗ್ಗೆ ಬಂದ ಬರಹಗಳಲ್ಲಿ ಬಹುಪಾಲು ಮೂರು ಅಂಕಿಗಳ ಸುತ್ತಲೇ ಗಿರಕಿ ಹೊಡೆಯುತ್ತವೆ: 1,548 ಅಶ್ವಶಕ್ತಿ, ನೂರು ಕಿ.ಮೀ. ವೇಗ ಮುಟ್ಟಲು 1.98 ಸೆಕೆಂಡು, ನ್ಯೂರ್ಬರ್ಗ್‌ರಿಂಗ್‌ನ ಒಂದು ಸುತ್ತಿಗೆ 7 ನಿಮಿಷ 4.957 ಸೆಕೆಂಡು. ಫೋನು, ಟಿವಿ, ರೈಸ್ ಕುಕ್ಕರ್ ಮಾರುತ್ತಿದ್ದ ಕಂಪನಿ 2021ರಲ್ಲಿ ಕಾರು ಮಾಡುತ್ತೇನೆ ಎಂದು ಹೊರಟಿತು. 2024ರ ಮಾರ್ಚ್‌ನಲ್ಲಿ ಮೊದಲ ಸೆಡಾನ್ ತಂದಿತು. ವರ್ಷ ಕಳೆದು ಅದರ ಅಲ್ಟ್ರಾ ರೂಪದಲ್ಲಿ ಪೋರ್ಷ ಟೈಕಾನ್ ಟರ್ಬೊ ಜಿಟಿಯನ್ನು ಜರ್ಮನಿಯ ಅದೇ ಟ್ರ್ಯಾಕಿನಲ್ಲಿ ಹಿಂದೆ ಹಾಕಿತು. ಎಲ್ಲರಿಗೂ ಗೊತ್ತಿರುವ ಕಥೆ. ಈ ಕಥೆಯ ಬಲದಿಂದ ಅಲ್ಟ್ರಾಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ವಾದ.

ಈ ಕಾರು ನಮ್ಮಲ್ಲಿ ಮಾರಾಟಕ್ಕಿಲ್ಲ. 2024ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶನಕ್ಕೆ ಇಟ್ಟದ್ದು ಸಾಧಾರಣ ಎಸ್‌ಯು7, ಅದೂ ನೋಡುವುದಕ್ಕೆ ಮಾತ್ರ. ಹಾಗಾಗಿ ಅಲ್ಟ್ರಾದ ಸ್ಟಿಯರಿಂಗ್ ಹೇಗಿದೆ, ತಿರುವಿನಲ್ಲಿ ಅದು ಹೇಗೆ ವಾಲುತ್ತದೆ ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. ಕಂಪನಿ ಏನು ಹೇಳಿಕೊಂಡಿತು, ಏನು ಮಾರಿತು, ಯಾವುದನ್ನು ಹಿಂದಕ್ಕೆ ತೆಗೆದುಕೊಂಡಿತು ಎಂಬುದಷ್ಟನ್ನೇ ನೋಡುತ್ತೇನೆ. ತೀರ್ಮಾನಕ್ಕೆ ಅಷ್ಟು ಸಾಕು.

ಅಂಕಿಗಳು ಸುಳ್ಳಲ್ಲ. 1.98 ಸೆಕೆಂಡಿನ ಲೆಕ್ಕದಲ್ಲಿ ಕಾರು ಉರುಳುವ ಮೊದಲ ಒಂದಡಿ ಸೇರಿಲ್ಲ, ನಿಜ. ಆದರೆ ಅಮೆರಿಕದ ಡ್ರ್ಯಾಗ್ ರೇಸಿನಿಂದ ಬಂದ ಆ ಪದ್ಧತಿಯನ್ನು ಬೇರೆ ಕಂಪನಿಗಳೂ ಪಾಲಿಸುತ್ತವೆ. ನ್ಯೂರ್ಬರ್ಗ್‌ರಿಂಗ್‌ನಲ್ಲಿ ಓಡಿದ ಕಾರಿಗೆ ಟ್ರ್ಯಾಕ್ ಪ್ಯಾಕೇಜ್ ಹಾಕಿತ್ತು. ಟೈಕಾನ್ ಕೂಡ ತನ್ನ 7 ನಿಮಿಷ 7.55 ಸೆಕೆಂಡನ್ನು ಅಂಥದೇ ಪ್ಯಾಕೇಜಿನಲ್ಲಿ ಸಾಧಿಸಿದ್ದು. ಸುಮಾರು 21 ಕಿ.ಮೀ. ಉದ್ದದ ಆ ಟ್ರ್ಯಾಕಿನಲ್ಲಿ ಎರಡು ಟನ್ ಮೀರಿದ ನಾಲ್ಕು ಬಾಗಿಲಿನ ಕಾರು ಈ ಸಮಯ ಮುಟ್ಟಬೇಕಾದರೆ ಮೋಟಾರು, ಬ್ಯಾಟರಿ, ಬ್ರೇಕು ಮೂರೂ ಗಟ್ಟಿಯಾಗಿರಬೇಕು. ನಿಮಿಷಕ್ಕೆ 27,200 ಸುತ್ತು ತಿರುಗುವ ಮೋಟಾರನ್ನು ಮೊದಲ ಕಾರಿನ ಅಲ್ಟ್ರಾ ರೂಪಕ್ಕೇ ಸಿದ್ಧ ಮಾಡಿದ ಎಂಜಿನಿಯರುಗಳ ಮೇಲೆ ನನ್ನ ತಕರಾರಿಲ್ಲ.

ತಕರಾರು ಇರುವುದು ಬಾನೆಟ್ ಬಗ್ಗೆ.

2024ರ ಅಕ್ಟೋಬರ್‌ನಲ್ಲಿ ಅದೇ ಟ್ರ್ಯಾಕಿನಲ್ಲಿ 6 ನಿಮಿಷ 46.874 ಸೆಕೆಂಡು ಓಡಿದ್ದು ಅಲ್ಟ್ರಾದ ಪ್ರೋಟೊಟೈಪ್. ರೇಸಿಗೆಂದೇ ಹಗುರ ಮಾಡಿದ, ರಸ್ತೆಗೆ ಇಳಿಸಲಾಗದ ಬಂಡಿ ಅದು. ಅದರ ಬಾನೆಟ್ ಮೇಲೆ ಎರಡು ದೊಡ್ಡ ತೆರಪುಗಳಿದ್ದವು. ರೇಸ್ ಕಾರಿನಲ್ಲಿ ಅಂಥ ತೆರಪಿಗೆ ಖಚಿತ ಕೆಲಸವಿದೆ. ಮೂತಿಯ ಕೆಳಭಾಗದಲ್ಲಿ ನುಗ್ಗಿದ ಗಾಳಿ ಒಳಗಿನ ಕೊಳವೆಯಲ್ಲಿ ಮೇಲಕ್ಕೆ ಹರಿದು ಬಾನೆಟ್ ಮೇಲಿಂದ ಹೊರಬೀಳುತ್ತದೆ. ಆ ಹರಿವು ಮುಂದಿನ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ. ರೇಡಿಯೇಟರ್ ಹಾದುಬಂದ ಬಿಸಿಗಾಳಿಗೂ ದಾರಿ ಮಾಡಿಕೊಡಬಲ್ಲದು. ಫೆರಾರಿ 488 ಪಿಸ್ತಾ ರಸ್ತೆ ಕಾರಾಗಿದ್ದೂ ಇಂಥ ಕೊಳವೆಯನ್ನು ಇಟ್ಟುಕೊಂಡಿತು. ಅದಕ್ಕಾಗಿ ಮುಂದಿನ ಡಿಕ್ಕಿಯ ಜಾಗವನ್ನು ಬಿಟ್ಟುಕೊಡಬೇಕಾಗುತ್ತದೆ. ಒಂದು ಕಾರು ತನ್ನ ಹೊಟ್ಟೆಯೊಳಗೆ ಗಾಳಿಗೆ ಜಾಗ ಬಿಟ್ಟಿದೆ ಎಂದರೆ, ಅಲ್ಲಿ ಯಾರೋ ಕೂತು ಲೆಕ್ಕ ಹಾಕಿದ್ದಾರೆ, ಏನನ್ನೋ ಕಳೆದುಕೊಳ್ಳಲು ಒಪ್ಪಿದ್ದಾರೆ ಎಂದರ್ಥ. ವೇಗದ ಕಾರಿನ ಸೌಂದರ್ಯವೆಂದು ನಾನು ನಂಬಿರುವುದು ಈ ಲೆಕ್ಕವನ್ನೇ.

2025ರ ಫೆಬ್ರುವರಿ ಕೊನೆಗೆ ಅಲ್ಟ್ರಾ 5,29,900 ಯುವಾನ್‌ಗೆ ಮಾರಾಟಕ್ಕೆ ಬಂತು. ಜತೆಗೆ ಪ್ರೋಟೊಟೈಪಿನದೇ ರೂಪದ, ಜೋಡಿ ತೆರಪಿನ ಕಾರ್ಬನ್ ಫೈಬರ್ ಬಾನೆಟ್ಟೂ ಬಂತು. ಬೇಕಾದವರಿಗೆ, ಪ್ರತ್ಯೇಕ ಬೆಲೆಗೆ: 42,000 ಯುವಾನ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 5 ಲಕ್ಷ ರೂಪಾಯಿ. ಕಾರು ಕೈಗೆ ಬಂದ ಮೇಲೆ ಮಾಲೀಕರು ಬಾನೆಟ್ ಎತ್ತಿ ನೋಡಿದರು. ತೆರಪಿನ ಕೆಳಗೆ ಪ್ರೋಟೊಟೈಪಿನಂಥ ಗಾಳಿ ದಾರಿ ಇರಲಿಲ್ಲ. ಇದ್ದದ್ದು ಸಾಮಾನು ಇಡುವ ಮುಂದಿನ ಡಿಕ್ಕಿ. ಒಂದು ಕಡೆಯಿಂದ ಬ್ಲೋವರ್ ಹಿಡಿದು, ಇನ್ನೊಂದು ಕಡೆ ಟಿಶ್ಯೂ ಕಾಗದ ಇಟ್ಟು ನೋಡಿದವರಿದ್ದಾರೆ. ಕಾಗದ ಅಲ್ಲಾಡಲಿಲ್ಲ.

ಮೇ ತಿಂಗಳಲ್ಲಿ ಕಂಪನಿ ಕ್ಷಮೆ ಕೇಳಿತು. ಮಾಹಿತಿ ಕೊಟ್ಟದ್ದು ಸಾಕಷ್ಟು ಸ್ಪಷ್ಟವಾಗಿರಲಿಲ್ಲ, ಈ ಬಾನೆಟ್ಟಿನ ಮುಖ್ಯ ಉದ್ದೇಶ ಪ್ರೋಟೊಟೈಪಿನ ರೂಪವನ್ನು ಮರುಸೃಷ್ಟಿಸುವುದು, ಗಾಳಿಯನ್ನು ಸ್ವಲ್ಪ ಮಟ್ಟಿಗೆ ತಿರುಗಿಸುವ ಕೆಲಸವೂ ಇದೆ ಎಂಬುದು ಅದರ ವಿವರಣೆಯ ಸಾರ. ಅಲ್ಯೂಮಿನಿಯಂ ಬಾನೆಟ್ಟಿಗಿಂತ ಇದು 1.3 ಕೆ.ಜಿ. ಹಗುರ ಎಂದೂ ಹೇಳಿತು. ಕಾರು ಇನ್ನೂ ಕೈಗೆ ಬಾರದವರಿಗೆ ಅಲ್ಯೂಮಿನಿಯಂ ಬಾನೆಟ್ಟಿಗೆ ಬದಲಾಯಿಸಿಕೊಳ್ಳುವ ಅವಕಾಶ ಕೊಟ್ಟಿತು. ಕಾರು ಆಗಲೇ ಕೈಸೇರಿದವರಿಗೆ ಪರಿಹಾರವಾಗಿ 20,000 ಪಾಯಿಂಟು, ಅಂದರೆ ಸುಮಾರು 2,000 ಯುವಾನ್ ಬೆಲೆಯದು. ನೂರಾರು ಮಾಲೀಕರು ಹಣ ವಾಪಸ್ ಕೇಳಿದರು.

ಇದನ್ನು ಪ್ರಚಾರ ವಿಭಾಗದ ಎಡವಟ್ಟು ಎಂದು ತಳ್ಳಿಹಾಕಿದವರ ಮಾತನ್ನು ನಾನು ಒಪ್ಪುವುದಿಲ್ಲ. ಒಳಗೆ ಕೊಳವೆ ಇಡದೆ ಹೊರಗೆ ತೆರಪು ಕೊರೆಯುವುದು ವಿನ್ಯಾಸದ ಮೇಜಿನ ಮೇಲೆ ಆಗುವ ತೀರ್ಮಾನ. ಡಿಕ್ಕಿ ಇರಲಿ, ತೂತೂ ಇರಲಿ ಎಂದು ಅಲ್ಲಿ ಯಾರೋ ಒಪ್ಪಿದ್ದಾರೆ. ಫೋನಿನಲ್ಲಿ ಅದು ನಡೆದೀತು, ಹಿಂಬದಿಯ ಬಣ್ಣ ಫೋನಿನ ವೇಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಗಂಟೆಗೆ 350 ಕಿ.ಮೀ. ಓಡುತ್ತೇನೆ ಎನ್ನುವ ಕಾರಿನ ಮೈಮೇಲಿನ ಪ್ರತಿ ತೂತೂ ಒಂದು ಹೇಳಿಕೆ. ಚಾಲಕ ಆ ಹೇಳಿಕೆಯನ್ನು ನಂಬಿ ಬ್ರೇಕ್ ಒತ್ತುವ ಜಾಗವನ್ನು ಲೆಕ್ಕ ಹಾಕುತ್ತಾನೆ. ಅಲಂಕಾರ ಬೇಕಿದ್ದರೆ ಅಲಂಕಾರವೆಂದೇ ಮಾರಬಹುದಿತ್ತು. ಕೊಳ್ಳುವವರು ಆಗಲೂ ಇರುತ್ತಿದ್ದರು.

ಅದೇ ಹೊತ್ತಿಗೆ ಇನ್ನೊಂದು ಪ್ರಸಂಗ ನಡೆಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ಕಂಪನಿ ಕಾರಿನ ಶಕ್ತಿಯನ್ನು 900 ಅಶ್ವಶಕ್ತಿಗೆ ಇಳಿಸಿತು. ನಿಗದಿತ ಟ್ರ್ಯಾಕಿನಲ್ಲಿ ನಿಗದಿತ ಸಮಯ ಸಾಧಿಸಿ ತೋರಿಸಿದವರಿಗಷ್ಟೇ ಪೂರ್ತಿ 1,548. ಉದ್ದೇಶ ಸುರಕ್ಷತೆ, ಆ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಇಷ್ಟು ಶಕ್ತಿಯನ್ನು ತರಬೇತಿಯಿಲ್ಲದವರ ಕಾಲಿಗೆ ಕೊಡಬಾರದು. ಆದರೆ ಆ ವಿವೇಕ ಮಾರುವ ಮೊದಲು ಬರಬೇಕಿತ್ತು. ದುಡ್ಡು ಎಣಿಸಿಕೊಂಡ ಮೇಲೆ ಕಿತ್ತುಕೊಂಡು, ಮಾಲೀಕರು ಗಲಾಟೆ ಮಾಡಿದಾಗ ಮತ್ತೆ ಬಿಟ್ಟುಕೊಟ್ಟರೆ, ಸುರಕ್ಷತೆಯ ಬಗ್ಗೆಯೂ ಕಂಪನಿಗೆ ನಿಲುವಿಲ್ಲ ಎಂದಾಯಿತು. ಅಪಾಯ ನಿಜವಾಗಿದ್ದರೆ ಗಲಾಟೆಗೆ ಬಗ್ಗಬಾರದಿತ್ತು.

ಈಗ ನನ್ನ ಸಹ ವಿಮರ್ಶಕರ ಮಾತಿಗೆ ಬರುತ್ತೇನೆ. ಎಸ್‌ಯು7 ಬಂದ ದಿನದಿಂದಲೂ 'ಪೋರ್ಷದ ನಕಲು' ಎಂಬ ಒಂದೇ ರಾಗ ಹಿಡಿದವರಿದ್ದಾರೆ. ಹೆಡ್‌ಲೈಟಿನ ಆಕಾರ, ಹಿಂಬದಿಯ ದೀಪದ ಗೆರೆ ಎಂದು ಪಕ್ಕಪಕ್ಕ ಫೋಟೊ ಇಟ್ಟು ತೋರಿಸಿದರೆ ಅವರ ವಿಮರ್ಶೆ ಮುಗಿಯಿತು. ಹೋಲಿಕೆ ಇದೆ, ಪೋರ್ಷ ಮತ್ತು ಟೆಸ್ಲಾಕ್ಕೆ ಸಾಟಿಯಾಗುವ ಕಾರು ಮಾಡುವುದೇ ಗುರಿ ಎಂದು ಮುಖ್ಯಸ್ಥ ಲೇ ಜುನ್ ಬಹಿರಂಗವಾಗಿಯೇ ಹೇಳಿದ್ದರು. ಆದರೆ ಈ ಆಪಾದನೆ ಕಂಪನಿಗೆ ಅನುಕೂಲವಾಗಿಯೇ ಪರಿಣಮಿಸಿತು. ಟ್ರ್ಯಾಕಿನಲ್ಲಿ ಟೈಕಾನ್‌ಗಿಂತ ಎರಡೂವರೆ ಸೆಕೆಂಡು ಮುಂದೆ ಬಂದ ಕೂಡಲೇ ನಕಲಿನ ಆರೋಪಕ್ಕೆ ಉತ್ತರ ಸಿಕ್ಕಿತೆಂದು ಎಲ್ಲರೂ ತೀರ್ಮಾನಿಸಿದರು. ಶಓಮಿ ಪೋರ್ಷವನ್ನು ನಕಲು ಮಾಡಿತೋ ಇಲ್ಲವೋ ಎಂಬುದಕ್ಕಿಂತ, ತನ್ನದೇ ರೇಸ್ ಕಾರನ್ನು ಹೊರಮೈಯಷ್ಟೇ ನಕಲು ಮಾಡಿ ತನ್ನ ಗಿರಾಕಿಗೆ ಮಾರಿತು ಎಂಬುದು ದೊಡ್ಡ ದೂರು. ಆ ದೂರನ್ನು ಎತ್ತಿದವರು ವಿಮರ್ಶಕರಲ್ಲ, ಕಾಗದ ಹಿಡಿದು ನಿಂತ ಮಾಲೀಕರು. ಇದು ನಮ್ಮ ವೃತ್ತಿಗೆ ನಾಚಿಕೆಯ ವಿಷಯ.

ಇನ್ನೊಂದು ಬಣ ಫೋನ್ ವಿಮರ್ಶೆಯಿಂದ ಕಾರಿಗೆ ಬಂದವರದು. ಕನ್ನಡದಲ್ಲೂ ಇದ್ದಾರೆ. ಪರದೆ ಎಷ್ಟು ಇಂಚು, ಎಷ್ಟು ಬೇಗ ಚಾರ್ಜ್, ಬೆಲೆ ಎಷ್ಟು ಕಡಿಮೆ ಎಂಬ ಪಟ್ಟಿ ಓದುತ್ತಾ ಹೋಗುತ್ತಾರೆ. ಇವರಿಗೆ ಪ್ರಮಾಣ ಬೇಕಾದಾಗಲೆಲ್ಲ ಫೋರ್ಡ್ ಕಂಪನಿಯ ಸಿಇಒ ಜಿಮ್ ಫಾರ್ಲಿ ನೆನಪಾಗುತ್ತಾರೆ. ಅವರು ಶಾಂಘೈನಿಂದ ವಿಮಾನದಲ್ಲಿ ಎಸ್‌ಯು7 ತರಿಸಿಕೊಂಡು ಆರು ತಿಂಗಳು ಓಡಿಸಿದರು, ಬಿಟ್ಟುಕೊಡಲು ಮನಸ್ಸಿಲ್ಲ ಎಂದರು. 2024ರ ಅಕ್ಟೋಬರ್‌ನ ಮಾತು ಅದು. ಅಲ್ಟ್ರಾ ಮಾರಾಟಕ್ಕೆ ಬಂದೇ ಇರಲಿಲ್ಲ. ಒಂದು ಕಾರಿಗೆ ಸಿಕ್ಕ ಹೊಗಳಿಕೆಯನ್ನು ಇನ್ನೊಂದರ ಖಾತೆಗೆ ಜಮಾ ಮಾಡುವುದು ಸರಿಯಲ್ಲ.

ಪಟ್ಟಿ ಓದುವ ಈ ಅಭ್ಯಾಸದ ಬೆಲೆ ಬಾನೆಟ್ಟಿಗಿಂತ ದೊಡ್ಡದು. 2025ರ ಮಾರ್ಚ್ 29ರಂದು ಅನ್‌ಹುಯಿ ಪ್ರಾಂತ್ಯದ ಟೋಂಗ್‌ಲಿಂಗ್ ಬಳಿ ಹೆದ್ದಾರಿಯಲ್ಲಿ ಸಾಧಾರಣ ಎಸ್‌ಯು7 ಒಂದು ಚಾಲಕ ನೆರವಿನ ವ್ಯವಸ್ಥೆಯಲ್ಲಿ ಗಂಟೆಗೆ 116 ಕಿ.ಮೀ. ವೇಗದಲ್ಲಿತ್ತು. ಅಡ್ಡಿಯಿದೆ ಎಂಬ ಎಚ್ಚರಿಕೆ ಬಂದು ಕೆಲವೇ ಸೆಕೆಂಡಿನಲ್ಲಿ 97 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಅಪ್ಪಳಿಸಿತು. ಮೂವರು ಯುವತಿಯರು ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಆ ಮಾದರಿಯ 1,16,887 ಕಾರುಗಳ ಹೆದ್ದಾರಿ ನೆರವಿನ ವ್ಯವಸ್ಥೆಯನ್ನು ಸಾಫ್ಟ್‌ವೇರ್ ಮೂಲಕ ಸರಿಪಡಿಸುವ ರೀಕಾಲ್ ಘೋಷಣೆಯಾಯಿತು. ಚಾಲಕ ನೆರವು ಎಷ್ಟು ಹೊತ್ತಿನ ಮೊದಲು ಎಚ್ಚರಿಸುತ್ತದೆ, ಯಾವ ಸಂದರ್ಭದಲ್ಲಿ ಸೋಲುತ್ತದೆ ಎಂಬ ಪ್ರಶ್ನೆಗೆ ಪಟ್ಟಿಯ ವಿಮರ್ಶೆಯಲ್ಲಿ ಅಂಕಣವೇ ಇಲ್ಲ.

ಇಷ್ಟೆಲ್ಲ ಆದ ಮೇಲೂ ಶಓಮಿಯ ಮೊದಲ ಕಾರಿನಲ್ಲಿ ಮೆಚ್ಚತಕ್ಕದ್ದು ಇದೆ, ಅದು ಅಲ್ಟ್ರಾದಲ್ಲಿಲ್ಲ. ಅಲ್ಟ್ರಾದಂಥ ರೆಕ್ಕೆ, ಬಾನೆಟ್ ತೆರಪು ಯಾವುದೂ ಇಲ್ಲದ ಮೂಲ ಎಸ್‌ಯು7ನ ಗಾಳಿ ಎಳೆತದ ಅಂಕ 0.195, ಮಾರುಕಟ್ಟೆಯಲ್ಲಿ ಅದಕ್ಕೆ ಸಮನಾದ ಸೆಡಾನ್‌ಗಳು ಬೆರಳೆಣಿಕೆಯಷ್ಟು. ಅಲ್ಲಿ ಮೈಯ ಬಾಗು ಕಾಣಲಿಕ್ಕೆಂದು ಮಾತ್ರ ಇಲ್ಲ. ಆ ಅಂಕ ಇಳಿದಷ್ಟೂ ಅದೇ ಬ್ಯಾಟರಿಯಲ್ಲಿ ಹೆದ್ದಾರಿಯ ದೂರ ಹೆಚ್ಚುತ್ತದೆ, ಅದನ್ನು ಕೊಂಡವರು ಪ್ರತಿ ಸಲ ಚಾರ್ಜ್ ಮಾಡುವಾಗಲೂ ಕಾಣಬಹುದು. 673 ಅಶ್ವಶಕ್ತಿಯ ಮ್ಯಾಕ್ಸ್ ಮಾದರಿ ಮೊದಲು ಬಂದಾಗ ಅದರ ಬೆಲೆ 2,99,900 ಯುವಾನ್, ಅಲ್ಟ್ರಾದ ಬೆಲೆಯಲ್ಲಿ ಅರವತ್ತು ಪರ್ಸೆಂಟೂ ಇಲ್ಲ. ಎಲೆಕ್ಟ್ರಾನಿಕ್ಸ್ ಕಂಪನಿಯೊಂದು ಮೊದಲ ಯತ್ನದಲ್ಲೇ ಮಾಡಿದ ದೊಡ್ಡ ಕೆಲಸವೆಂದು ನಾನು ಎಣಿಸುವುದು ಆ ಕಾರನ್ನು. ಅದರ ಬಗ್ಗೆ ಕೂಲಂಕಷವಾಗಿ ಬರೆದ ಒಂದು ಕನ್ನಡ ಲೇಖನವನ್ನೂ ನಾನು ಇದುವರೆಗೆ ಓದಿಲ್ಲ.