ತಟ್ಟೆಯ ಲೆಕ್ಕ ಶ್ವಾಸಕೋಶಕ್ಕೆ ಸಲ್ಲದು

ಆಹಾರದ ಅಲರ್ಜಿ ಇರುವವರು ವೇಪ್ (ಇ-ಸಿಗರೇಟ್) ಸೇದುವುದಾದರೆ ಏನು ಎಚ್ಚರ ವಹಿಸಬೇಕು? ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಸರಳವಾಗಿರುತ್ತದೆ. ಲೇಬಲ್ ಓದಿ, ಬಾದಾಮಿ ಮತ್ತು ಕಸ್ಟರ್ಡ್ ಫ್ಲೇವರ್‌ಗಳ ತಂಟೆಗೆ ಹೋಗಬೇಡಿ, ಮೊದಲು ಒಂದೆರಡು ದಮ್ಮು ಎಳೆದು ನೋಡಿ. ಕೇಳಲು ಜವಾಬ್ದಾರಿಯ ಮಾತಿನಂತಿದೆ. ಆದರೆ ಊಟದ ತಟ್ಟೆಗೆಂದು ರೂಪುಗೊಂಡ ಎಚ್ಚರಿಕೆಯನ್ನು ಹಾಗೆಯೇ ಶ್ವಾಸಕೋಶಕ್ಕೆ ಅನ್ವಯಿಸುವುದರಲ್ಲೇ ಇದರ ದೋಷವಿದೆ.

ಓದಬೇಕು ಎನ್ನುವ ಆ ಲೇಬಲ್ಲಿನಲ್ಲಿ ಇರುವುದಾದರೂ ಏನು? ಬ್ರಿಟನ್ನಿನಲ್ಲಿ ಮಾರುವ ನಿಕೋಟಿನ್ ದ್ರವದ ಬಾಟಲಿ 10 ಮಿಲಿಲೀಟರ್ ಮೀರುವಂತಿಲ್ಲ, ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ. 2016ರ ನಿಯಮಗಳ ಪ್ರಕಾರ ಒಳಗಿನ ಪದಾರ್ಥಗಳ ಪಟ್ಟಿ ಇರಬೇಕು, ಜೊತೆಗೊಂದು ಮಾಹಿತಿ ಚೀಟಿಯೂ ಇರಬೇಕು. ಪ್ರೊಪಿಲೀನ್ ಗ್ಲೈಕಾಲ್, ವೆಜಿಟೆಬಲ್ ಗ್ಲಿಸರಿನ್, ನಿಕೋಟಿನ್ ಎಂದು ಮೂರು ಹೆಸರು ಬರೆದು, ನಾಲ್ಕನೆಯದಾಗಿ ‘ಫ್ಲೇವರಿಂಗ್’ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟ ಬಾಟಲಿಗಳು ಎಷ್ಟೋ. ಅಲರ್ಜಿ ಇರುವವರಿಗೆ ಬೇಕಾದ ವಿವರ ಇರಬೇಕಾದದ್ದು ಆ ಒಂದು ಪದದೊಳಗೆ. ದಾಲ್ಚಿನ್ನಿ ವಾಸನೆಯ ಸಿನಮಾಲ್ಡಿಹೈಡ್‌ನಂಥ ರಾಸಾಯನಿಕವಿದ್ದರೆ ಅಲರ್ಜಿ ಉಂಟಾಗಬಹುದು ಎಂಬ ಸಾಲು ಕೆಲವು ಬಾಟಲಿಗಳ ಮೇಲೆ ಕಾಣಿಸುತ್ತದೆ ನಿಜ. ಅದು ಬಂದದ್ದು ರಾಸಾಯನಿಕಗಳ ಕಾನೂನಿನಿಂದ, ಆಹಾರದ ಕಾನೂನಿನಿಂದಲ್ಲ.

ಅದೇ ಬ್ರಿಟನ್ನಿನ ಸ್ಯಾಂಡ್‌ವಿಚ್ ಅಂಗಡಿಯ ಕಟ್ಟುಪಾಡೇ ಬೇರೆ. ಎಳ್ಳಿನ ಅಲರ್ಜಿಯಿದ್ದ ಹದಿಹರೆಯದ ಹುಡುಗಿಯೊಬ್ಬಳು 2016ರಲ್ಲಿ ಪೊಟ್ಟಣದ ಬಗೆಟ್ ತಿಂದು ತೀರಿಹೋದಳು. ಆ ಬಳಿಕ ಆಕೆಯ ಹೆಸರಿನಲ್ಲೇ ಬಂದ ‘ನತಾಷಾ ಕಾನೂನು’ 2021ರ ಅಕ್ಟೋಬರಿನಿಂದ, ಅಂಗಡಿಯಲ್ಲೇ ಕಟ್ಟಿಟ್ಟ ತಿನಿಸಿನ ಮೇಲೂ ಹಾಲು, ಗೋಧಿ, ಎಳ್ಳು, ಶೇಂಗಾ ಸೇರಿ 14 ಅಲರ್ಜಿಕಾರಕಗಳನ್ನು ಎದ್ದುಕಾಣುವಂತೆ ಬರೆಯಬೇಕೆಂದಿತು. ವೇಪ್ ದ್ರವ ಆಹಾರವಲ್ಲ. ಹಾಗಾಗಿ ಆ ಪಟ್ಟಿ ಅದಕ್ಕೆ ಅನ್ವಯಿಸುವುದಿಲ್ಲ.

ಇನ್ನು ಫ್ಲೇವರಿನ ಹೆಸರು ನೋಡಿ ಹೆದರುವ ಅಥವಾ ಧೈರ್ಯ ತಾಳುವ ವಿಚಾರ. ಆಹಾರದ ಅಲರ್ಜಿಯನ್ನು ಕೆರಳಿಸುವುದು ಸಾಮಾನ್ಯವಾಗಿ ಪ್ರೋಟೀನ್. ಕಸ್ಟರ್ಡ್ ಫ್ಲೇವರಿನಲ್ಲಿ ಹಾಲು ಇರಲೇಬೇಕೆಂದಿಲ್ಲ; ಬೆಣ್ಣೆಯ ಪರಿಮಳ ಕೊಡಲು ಡೈಅಸಿಟೈಲ್, ಅಸಿಟಾಯಿನ್‌ನಂಥ ರಾಸಾಯನಿಕಗಳೇ ಸಾಕು. ಲ್ಯಾಕ್ಟೋಸ್ ಒಗ್ಗದವರ ತೊಂದರೆ ಕರುಳಿನದು, ಅವರಿಗೆ ಇಲ್ಲಿ ಹೆದರಲು ಕಾರಣವೇ ಇಲ್ಲ. ಹಾಗೆಂದು ಕಸ್ಟರ್ಡ್ ನಿರಪಾಯಕಾರಿಯೇ? ಅಮೆರಿಕದ ಮಿಸೌರಿಯ ಜಾಸ್ಪರ್‌ನಲ್ಲಿ ಮೈಕ್ರೊವೇವ್ ಪಾಪ್‌ಕಾರ್ನ್ ತಯಾರಿಸುತ್ತಿದ್ದ ಕಾರ್ಮಿಕರ ಶ್ವಾಸಕೋಶದ ಕಿರುನಾಳಗಳು ಮತ್ತೆಂದೂ ಸರಿಹೋಗದಂತೆ ಹಾಳಾದ ಸಂಗತಿ 2000ದಲ್ಲಿ ಬೆಳಕಿಗೆ ಬಂತು. ಅವರು ಉಸಿರಾಡಿದ್ದು ಇದೇ ಬೆಣ್ಣೆ ಪರಿಮಳದ ಆವಿಯನ್ನು. ತಿಂದವರಿಗೆ ಏನೂ ಆಗದ ಪದಾರ್ಥ ಅದು. 2015ರಲ್ಲಿ ಹಾರ್ವರ್ಡ್ ಸಂಶೋಧಕರು ಪರೀಕ್ಷಿಸಿದ 51 ಫ್ಲೇವರ್‌ಗಳ ಪೈಕಿ 39ರಲ್ಲಿ ಡೈಅಸಿಟೈಲ್ ಸಿಕ್ಕಿತು. ಬ್ರಿಟನ್ ಅದನ್ನು ಇ-ದ್ರವಗಳಲ್ಲಿ ನಿಷೇಧಿಸಿದೆ. ಆದರೆ ಹಣ್ಣಿನ ಫ್ಲೇವರ್ ಸೌಮ್ಯ ಎಂಬ ನಂಬಿಕೆಗೂ ಆಧಾರ ಸಾಲದು: 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 145 ಉತ್ಪನ್ನಗಳ ಪೈಕಿ 108ರಲ್ಲಿ ಉಸಿರ್ದಾರಿ ಕೆರಳಿಸುವ ಬೆಂಜಾಲ್ಡಿಹೈಡ್ ಇತ್ತು, ಚೆರ್ರಿ ಫ್ಲೇವರಿನಲ್ಲಿ ಎಲ್ಲಕ್ಕಿಂತ ಹೆಚ್ಚು.

‘ಆಹಾರ ದರ್ಜೆಯ ಫ್ಲೇವರ್’ ಎಂದು ಮುದ್ರಿಸಿ ಕೊಡುವ ಭರವಸೆ ಈ ವ್ಯಾಪಾರದ ಅತ್ಯಂತ ದಾರಿತಪ್ಪಿಸುವ ಮಾತು. ಅಮೆರಿಕದ ಫ್ಲೇವರ್ ತಯಾರಕರ ಸಂಘವೇ, ತಾನು ಸುರಕ್ಷಿತವೆಂದು ಹೇಳುವುದು ತಿನ್ನುವುದಕ್ಕೆ ಮಾತ್ರ, ಉಸಿರಾಡುವುದಕ್ಕಲ್ಲ ಎಂದು ಸ್ಪಷ್ಟಪಡಿಸಿದೆ.

ಉಸಿರಿನ ಮೂಲಕ ಹೋದ ಪ್ರೋಟೀನ್ ಏನು ಮಾಡಬಲ್ಲದು ಎಂಬುದು ವೈದ್ಯರಿಗೆ ಹೊಸದಲ್ಲ. ಬೇಕರಿಯಲ್ಲಿ ಗೋಧಿ ಹಿಟ್ಟಿನ ಧೂಳು ಕುಡಿದವರಿಗೆ ಬರುವ ಅಸ್ತಮಾ ಪಠ್ಯಪುಸ್ತಕಗಳಲ್ಲೇ ಇದೆ. ಪುಡಿ ರೂಪದ ಕೆಲವು ಇನ್‌ಹೇಲರ್‌ಗಳಲ್ಲಿ ಲ್ಯಾಕ್ಟೋಸ್ ಬೆರೆಸುತ್ತಾರೆ. ಅದರಲ್ಲಿ ಉಳಿದ ಹಾಲಿನ ಪ್ರೋಟೀನಿನ ಲವಲೇಶವೂ ತೀವ್ರ ಅಲರ್ಜಿ ಇರುವವರಿಗೆ ಅಪಾಯ ತರಬಹುದು. ಆದ್ದರಿಂದಲೇ ಅಡ್ವೈರ್ ಡಿಸ್ಕಸ್ ಎಂಬ ಇನ್‌ಹೇಲರಿನ ಮಾಹಿತಿಪತ್ರದಲ್ಲಿ ಅಂಥವರು ಇದನ್ನು ಬಳಸಕೂಡದು ಎಂದಿದೆ. ಸೋಯಾ ಲೆಸಿಥಿನ್ ಇದ್ದ ಹಳೆಯ ಕಾಂಬಿವೆಂಟ್ ಇನ್‌ಹೇಲರ್ ಮೇಲೆ ಸೋಯಾ ಮತ್ತು ಶೇಂಗಾ ಅಲರ್ಜಿಯವರಿಗೆ ಇದೇ ಬಗೆಯ ಎಚ್ಚರಿಕೆ ಇತ್ತು. ಉಬ್ಬಸ ಇಳಿಸುವ ಔಷಧಿಗೆ ಇಷ್ಟು ಕಟ್ಟುನಿಟ್ಟು. ದಿನವಿಡೀ ಸೇದುವ ವೇಪ್ ಆವಿಗೆ ಅದಿಲ್ಲ. ಈ ಅಸಮತೆಯನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು.

ಆ ಸಲಹೆಗಳ ಜೊತೆ ಕೇಳಿಬರುವ ಇನ್ನೊಂದು ಮಾತು ಗಟ್ಟಿಯಾದದ್ದು: ಪ್ರೊಪಿಲೀನ್ ಗ್ಲೈಕಾಲ್ ಕಡಿಮೆ ಇರುವುದನ್ನು ಆರಿಸಿ ಎಂಬುದು. ಪ್ರೊಪಿಲೀನ್ ಗ್ಲೈಕಾಲ್ ಕೆಲವರ ಚರ್ಮಕ್ಕೆ ನಿಜಕ್ಕೂ ಒಗ್ಗುವುದಿಲ್ಲ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅದನ್ನು 2018ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಅಂಥವರು ಆ ದ್ರವ ಕಡಿಮೆ ಇರುವುದನ್ನು ಆರಿಸಿಕೊಳ್ಳುವುದಕ್ಕೆ ಅರ್ಥವಿದೆ. ಗ್ಲಿಸರಿನ್ ಸೋಯಾ, ತಾಳೆ ಅಥವಾ ತೆಂಗಿನೆಣ್ಣೆಯಿಂದ ಬಂದಿದ್ದರೂ ಚೆನ್ನಾಗಿ ಶುದ್ಧೀಕರಿಸಿದ ಮೇಲೆ ಪ್ರೋಟೀನ್ ಉಳಿಯುವುದು ತೀರಾ ಅಪರೂಪ.

‘ಒಂದೆರಡು ದಮ್ಮು ಎಳೆದು ನೋಡಿ’ ಎಂಬ ಸಲಹೆ ಮಾತ್ರ ಅಪಾಯಕಾರಿ. ಆಹಾರದ ಅಲರ್ಜಿ ಇರುವ ಅನೇಕರಿಗೆ ಅಸ್ತಮಾವೂ ಇರುತ್ತದೆ. ಹತೋಟಿಗೆ ಬಾರದ ಅಸ್ತಮಾ ಇದ್ದವರಲ್ಲೇ ಆಹಾರದ ಅಲರ್ಜಿ ಪ್ರಾಣಕ್ಕೆ ಎರವಾಗುವ ಸಂಭವ ಹೆಚ್ಚು. ಕಸ್ಟರ್ಡೋ ಪುದೀನವೋ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಉಸಿರ್ದಾರಿಯ ಸ್ಥಿತಿ ಏನು ಎಂದು. ಅಲರ್ಜಿಯ ಪರೀಕ್ಷಾರ್ಥ ಸೇವನೆಯನ್ನು ಆಸ್ಪತ್ರೆಗಳಲ್ಲಿ ಅಡ್ರಿನಲಿನ್ ಕೈಯಳತೆಯಲ್ಲಿ ಇಟ್ಟುಕೊಂಡೇ ಮಾಡಿಸುತ್ತಾರೆ. ಅದನ್ನು ಅಂಗಡಿಯ ಕೌಂಟರಿನ ಮುಂದೆ ಮಾಡಿ ಎನ್ನುವುದು ಸರಿಯಲ್ಲ.

ಕರ್ನಾಟಕದ ಓದುಗರಿಗೆ ಲೇಬಲ್ಲಿನ ಚರ್ಚೆಯೂ ಇಲ್ಲ. ರಾಜ್ಯ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, ದೇಶ 2019ರಲ್ಲಿ. ಇಲ್ಲಿ ಕಳ್ಳದಾರಿಯಲ್ಲಿ ಬರುವ ಬಾಟಲಿಯ ಮೇಲೆ ಬರೆದದ್ದಕ್ಕೆ ಯಾರೂ ಹೊಣೆಯಲ್ಲ. ಸಿಗರೇಟು ಬಿಡಲೆಂದು ವೇಪ್ ಹುಡುಕುತ್ತಿರುವ ಅಲರ್ಜಿ ಪೀಡಿತರಿಗೆ ನಿಕೋಟಿನ್ ಗಮ್ ಮತ್ತು ಪ್ಯಾಚ್ ಔಷಧಿ ಅಂಗಡಿಯಲ್ಲೇ ಸಿಗುತ್ತವೆ. ಅವುಗಳೊಳಗಿನ ಪದಾರ್ಥಗಳ ವಿವರವನ್ನು ವೈದ್ಯರಿಗೋ ಫಾರ್ಮಸಿಸ್ಟರಿಗೋ ತೋರಿಸಿ ತಮಗೆ ಆಗಿಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬಹುದು. ತಂಬಾಕು ಬಿಡುವವರಿಗೆ ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ.