ಬೊಂಬೆ ದಂಡಿನ ದಿಗ್ವಿಜಯ

ಆಟವೊಂದನ್ನು ವಿಮರ್ಶೆಗೆ ಎತ್ತಿಕೊಂಡರೆ ನಗುವವರು ಉಂಟು. ಆದರೆ ಇಲ್ಲದ ಒಂದು ನಾಡನ್ನು ಕಲ್ಪಿಸಿಕೊಂಡು, ಅದಕ್ಕೆ ನದಿ ಬೆಟ್ಟಗಳನ್ನು ಹಂಚಿ, ದೊರೆ ಮಂತ್ರಿಗಳನ್ನು ನೇಮಿಸಿ, ಅವರ ಮೇಲೆ ದಂಡು ಕಳುಹಿಸಿ, ತಿಂಗಳುಗಟ್ಟಲೆ ಕಥೆ ಬೆಳೆಸುವ ಆಟವನ್ನು ಬರಿಯ ಕಾಲಹರಣವೆಂದು ತಳ್ಳಿಬಿಡಲಾಗದು. ಅದು ಕಾವ್ಯಕ್ಕೆ ನೆಂಟನಾಗಬೇಕು. ನೆಂಟನೆಂದ ಮೇಲೆ ಮನೆತನದ ಮರ್ಯಾದೆಯನ್ನು ಅದರಿಂದ ನಿರೀಕ್ಷಿಸುವುದು ಅನ್ಯಾಯವಲ್ಲ.

ಇಂಗ್ಲೆಂಡು, ಅಮೆರಿಕಗಳಲ್ಲಿ ಬೊಂಬೆ ಸಿಪಾಯಿಗಳ ಯುದ್ಧದಾಟ ದೊಡ್ಡವರ ಹವ್ಯಾಸ. ಅಂಗುಲದಷ್ಟು ಎತ್ತರದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಸಿಪಾಯಿಗಳಿಗೆ ಬಣ್ಣ ಬಳಿದು ಮೇಜಿನ ಮೇಲೆ ನಿಲ್ಲಿಸುತ್ತಾರೆ. ಅಳತೆಪಟ್ಟಿಯಿಂದ ನಡಿಗೆಯನ್ನು ಅಳೆಯುತ್ತಾರೆ. ದಾಳ ಎಸೆದು ಸತ್ತವರನ್ನು ಎಣಿಸುತ್ತಾರೆ. ಒಂದು ಕಾಳಗ ಒಂದು ಸಂಜೆಗೆ ಮುಗಿಯುತ್ತದೆ. ಹಲವು ಕಾಳಗಗಳನ್ನು ನಕ್ಷೆಯ ಮೇಲೆ ಪೋಣಿಸಿದರೆ ದಂಡಯಾತ್ರೆಯಾಗುತ್ತದೆ. ಅದನ್ನು ಹೂಡುವ ಬಗೆ ಹೇಗೆಂದು ಟೋನಿ ಬಾತ್ 1973ರಲ್ಲಿ ಒಂದು ಪುಸ್ತಕವನ್ನೇ ಬರೆದ. ಆತನ ಸ್ವಂತ ದಂಡಯಾತ್ರೆ ನಡೆದದ್ದು ಕಥೆಗಾರ ರಾಬರ್ಟ್ ಹೋವರ್ಡ್ ಕಲ್ಪಿಸಿದ ಪ್ರಾಚೀನ ಲೋಕದಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ವಸಾಹತು ಯುದ್ಧಗಳನ್ನು ಮೆಚ್ಚಿದ ಹವ್ಯಾಸಿಗಳೂ ಆಫ್ರಿಕದಲ್ಲೊಂದು ಇಲ್ಲದ ನದಿಯನ್ನೋ, ವಾಯವ್ಯ ಗಡಿಯಲ್ಲೊಂದು ಇಲ್ಲದ ಕಣಿವೆಯನ್ನೋ ಸೃಷ್ಟಿಸಿಕೊಳ್ಳುತ್ತಾರೆ. ಇದಕ್ಕೆ ಕಾರಣ ಎರಡು. ನಡೆದುಹೋದ ಯುದ್ಧದ ಮುಕ್ತಾಯ ಗೊತ್ತಿರುವುದರಿಂದ ಆಟದಲ್ಲಿ ಕುತೂಹಲ ಉಳಿಯದು. ನಿಜವಾಗಿ ಸತ್ತವರ ಹೆಸರಿನಲ್ಲಿ ದಾಳ ಉರುಳಿಸಲು ಮನಸ್ಸು ಅಳುಕುತ್ತದೆ. ಎರಡೂ ಒಪ್ಪತಕ್ಕ ಕಾರಣಗಳೇ. ಆದರೆ ಇಷ್ಟು ಬಿಡುಗಡೆ ಪಡೆದ ಕಲ್ಪನೆ ಏನನ್ನು ಕಲ್ಪಿಸುತ್ತದೆ ಎಂಬುದನ್ನು ನೋಡಬೇಕು.

ಈ ಹವ್ಯಾಸದ ಆದಿಗ್ರಂಥವೆನ್ನಬಹುದಾದ ‘ಲಿಟ್ಲ್ ವಾರ್ಸ್’ ಅನ್ನು ಎಚ್. ಜಿ. ವೆಲ್ಸ್ ಪ್ರಕಟಿಸಿದ್ದು 1913ರಲ್ಲಿ. ಅಲ್ಲಿ ಎರಡು ಸೈನ್ಯಗಳೂ ಸಮಬಲ; ಮರದ ತುಂಡು ಹಾರಿಸುವ ಆಟದ ಫಿರಂಗಿ ಇಬ್ಬರಿಗೂ ಉಂಟು; ನಿಯಮ ಇಬ್ಬರಿಗೂ ಒಂದೇ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಲೇಸೆಂದು ಆತ ಕೊನೆಯಲ್ಲಿ ವಾದಿಸುತ್ತಾನೆ. ಮರುವರ್ಷವೇ ಯೂರೋಪು ಹೊತ್ತಿ ಉರಿಯಿತು. ಆದರೆ 1911ರಲ್ಲಿ ಆತನೇ ಬರೆದ ‘ಫ್ಲೋರ್ ಗೇಮ್ಸ್’ನಲ್ಲಿ ಮನೆಯ ನೆಲವೇ ಸಮುದ್ರ, ಹಲಗೆಗಳೇ ದ್ವೀಪ. ಹುಡುಗರು ಹಡಗಿನಿಂದ ಇಳಿಯುತ್ತಾರೆ, ಬಾವುಟ ನೆಡುತ್ತಾರೆ, ಜನರನ್ನು ಅಡಗಿಸುತ್ತಾರೆ, ನಾಗರಿಕತೆಯ ವರವನ್ನು ಕರುಣಿಸುತ್ತಾರೆ. ವೆಲ್ಸನ ದನಿಯಲ್ಲಿ ಕೊಂಕುನಗೆ ಇದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ದ್ವೀಪದವರ ಪಕ್ಷ ವಹಿಸಿ ಆಡುವವರು ಅಲ್ಲಿ ಯಾರೂ ಇಲ್ಲ. ಯೂರೋಪಿನವರು ತಮ್ಮೊಳಗೆ ಕಾದಾಡಲು ಎರಡು ಬುದ್ಧಿಗಳು ಬೇಕು. ಕಡಲಾಚೆಯ ಜನದೊಡನೆ ಕಾದಲು ಒಂದೇ ಸಾಕು ಎಂದಂತಾಯಿತು.

ವೆಲ್ಸನಿಗಿಂತ ಬಹಳ ಹಿಂದೆಯೇ ಇಂಥ ದಂಡಯಾತ್ರೆ ಹೂಡಿದ ನಾಲ್ವರು ಮಕ್ಕಳಿದ್ದರು. 1826ರ ಜೂನ್ ತಿಂಗಳಲ್ಲಿ ಹಾವರ್ತಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ ಲೀಡ್ಸ್ ಪೇಟೆಯಿಂದ ಮಗ ಬ್ರಾನ್‌ವೆಲ್‌ಗೆ ಹನ್ನೆರಡು ಮರದ ಸಿಪಾಯಿಗಳನ್ನು ತಂದುಕೊಟ್ಟ. ಷಾರ್ಲಟ್ ಒಂದು ಬೊಂಬೆಯನ್ನು ಎತ್ತಿಕೊಂಡು ಇದು ವೆಲಿಂಗ್‌ಟನ್ ಡ್ಯೂಕ್ ಎಂದಳು. ಬ್ರಾನ್‌ವೆಲ್ಲನದು ಬೊನಪಾರ್ಟಿ ಆಯಿತು. ಎಮಿಲಿ, ಆನ್ ಇಬ್ಬರೂ ಒಂದೊಂದನ್ನು ಆರಿಸಿಕೊಂಡರು. ಈ ಹನ್ನೆರಡು ಮಂದಿ ಪಶ್ಚಿಮ ಆಫ್ರಿಕದ ಗಿನಿ ಕರಾವಳಿಗೆ ಹಡಗೇರಿ ಹೋಗಿ, ಅಶಾಂತಿ ಜನರೊಡನೆ ಕಾದಿ, ಗಾಜಿನ ನಗರವೊಂದನ್ನು ಕಟ್ಟಿದರು. ಬ್ರಾನ್‌ವೆಲ್ ಅದರ ನಕ್ಷೆ ಬರೆದ. ಬೊಂಬೆಗಳ ಗಾತ್ರಕ್ಕೆ ತಕ್ಕ ಅಂಗೈಗಿಂತ ಚಿಕ್ಕ ಪುಸ್ತಕಗಳಲ್ಲಿ ಅದರ ಚರಿತ್ರೆ ಬೆಳೆಯಿತು. ಷಾರ್ಲಟ್ಟಳ ಬೊಂಬೆಗೆ ಹೆಸರು ಕೊಟ್ಟ ನಿಜವಾದ ಡ್ಯೂಕ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಎಂಬುದು ಕನ್ನಡ ಓದುಗರು ನೆನೆಯಬೇಕಾದ ಮಾತು.

ಬ್ರಾಂಟಿ ಮಕ್ಕಳೂ ತಮ್ಮ ಕಾಲದ ಮಕ್ಕಳೇ. ಆಫ್ರಿಕದ ನೆಲ ತಮ್ಮ ಬೊಂಬೆಗಳಿಗಾಗಿ ಬರಿದಾಗಿದೆಯೆಂದೇ ಅವರು ತಿಳಿದಿದ್ದರು. ಆದರೆ ಕಥೆ ಬೆಳೆದಂತೆ ಅವರಿಂದ ಇನ್ನೊಂದು ಪಾತ್ರವೂ ಹುಟ್ಟಿತು. ಸೋತ ಅಶಾಂತಿ ದೊರೆಯ ಮಗ ಕ್ವಾಷಿಯಾ, ಗೆದ್ದ ಡ್ಯೂಕನ ಮನೆಯಲ್ಲೇ ಸಾಕುಮಗನಾಗಿ ಬೆಳೆದು, ದೊಡ್ಡವನಾದ ಮೇಲೆ ತನ್ನ ಜನರನ್ನು ಕೂಡಿಸಿ ದಂಗೆಯೇಳುತ್ತಾನೆ. ಅವನನ್ನು ಕ್ರೂರನೆಂದೇ ಚಿತ್ರಿಸಲಾಗಿದೆ. ಆದರೂ ಅವನಿಗೊಂದು ಹೆಸರುಂಟು, ತಂದೆಯುಂಟು, ನೆನಪುಂಟು, ಹಗೆಗೆ ಕಾರಣವುಂಟು. ಅಷ್ಟರಮಟ್ಟಿಗೆ ಆಟ ಕಥೆಯಾಯಿತು.

ನಮ್ಮ ಅಲಂಕಾರಶಾಸ್ತ್ರಕ್ಕೆ ಇದು ಹೊಸದಲ್ಲ. ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ವರ್ಣಿಸಿ, ಅಂಥವನನ್ನು ಗೆದ್ದನೆಂದು ಹೇಳುವುದರಿಂದ ನಾಯಕನ ಉತ್ಕರ್ಷ ಸಿದ್ಧಿಸುತ್ತದೆಂದು ದಂಡಿ ‘ಕಾವ್ಯಾದರ್ಶ’ದಲ್ಲಿ ಹೇಳಿದ್ದಾನೆ. ರನ್ನನ ‘ಗದಾಯುದ್ಧ’ಕ್ಕೆ ನಾಯಕ ಭೀಮನಾದರೂ ಓದುಗನ ಮನಸ್ಸು ದುರ್ಯೋಧನನನ್ನು ಬಿಟ್ಟು ಕದಲದು. ಪ್ರತಿನಾಯಕನು ಪೊಳ್ಳಾದರೆ ದಿಗ್ವಿಜಯವೂ ಪೊಳ್ಳೇ.

ಇಂದಿನ ವಸಾಹತು ದಂಡಯಾತ್ರೆಗಳು ಹಲವು ವೇಳೆ ಎಡವುವುದು ಇಲ್ಲಿಯೇ. ಕೆಂಪಂಗಿಯ ಪಡೆಯ ರೆಜಿಮೆಂಟು, ಗುಂಡಿ, ಟೋಪಿಗಳ ವಿಷಯದಲ್ಲಿ ಹವ್ಯಾಸಿಯ ಶ್ರದ್ಧೆ ಮೆಚ್ಚುವಂಥದು. ಎದುರುಪಕ್ಷಕ್ಕೆ ಬಂದಾಗ ಮಾತ್ರ ಈಟಿ ಹಿಡಿದ ಗುಂಪು ಎಂದಷ್ಟೇ ಬರೆದು ಮುಗಿಸುತ್ತಾನೆ. ಎಷ್ಟೋ ಕಡೆ ಆಟಗಾರರೆಲ್ಲ ಒಂದೇ ಪಕ್ಷ. ನಾಡಿನವರನ್ನು ನಡೆಸುವುದು ಮಧ್ಯಸ್ಥನ ದಾಳ. ಲ್ಯಾರಿ ಬ್ರಾಮ್ 1979ರಲ್ಲಿ ರಚಿಸಿದ ‘ದಿ ಸೋರ್ಡ್ ಅಂಡ್ ದಿ ಫ್ಲೇಮ್’ ಎಂಬ ಪ್ರಸಿದ್ಧ ನಿಯಮಾವಳಿಯಲ್ಲಿ ಇಸ್ಪೀಟೆಲೆ ತೆಗೆದು ಯಾವ ಪಕ್ಷದ ತುಕಡಿ ನಡೆಯಬೇಕೆಂದು ಗೊತ್ತುಮಾಡುತ್ತಾರೆ. ಇದು ಒಳ್ಳೆಯ ಉಪಾಯ. ಸೇನಾಪತಿಯ ಗರ್ವವನ್ನು ಎಲೆ ಮುರಿಯುತ್ತದೆ. ಆದರೆ ಆಕಸ್ಮಿಕವು ಶತ್ರುವಿನ ಬುದ್ಧಿಗೆ ಬದಲಿಯಾಗಲಾರದು.

ಯುದ್ಧದ ನಿಜಸ್ಥಿತಿಯೂ ಇದನ್ನೇ ಹೇಳುತ್ತದೆ. 1868ರಲ್ಲಿ ನೇಪಿಯರ್ ಸುಮಾರು 13,000 ಮಂದಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರನ್ನೂ 44 ಆನೆಗಳನ್ನೂ ಕೊಂಡೊಯ್ದು ಇಥಿಯೋಪಿಯದ ಮಗ್ದಲಾ ಕೋಟೆಯನ್ನು ಹಿಡಿದ. ಕಾಳಗಕ್ಕಿಂತ ಕರಾವಳಿಯಿಂದ ಅಲ್ಲಿಗೆ ತಲುಪಿದ್ದೇ ದೊಡ್ಡ ಕೆಲಸ. ಇದಕ್ಕೆ ವಿರುದ್ಧವಾದ ದೃಷ್ಟಾಂತ ನಮ್ಮಲ್ಲೇ ಇದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಳಿ ಕಾಳಗವನ್ನು ಗೆದ್ದ. ಗೆದ್ದೂ, ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಿದ. ಮಳೆ ಹಿಡಿದಿತ್ತು, ಎತ್ತುಗಳು ಸತ್ತಿದ್ದವು, ದಂಡಿಗೆ ದವಸವಿರಲಿಲ್ಲ. ದಾರಿಯಲ್ಲಿ ಮೇವೂ ಧಾನ್ಯವೂ ಸಿಗದಂತೆ ಟಿಪ್ಪು ಮೊದಲೇ ಮಾಡಿದ್ದ. ಮೇಜಿನ ಮೇಲಿನ ಕಾಳಗವನ್ನಷ್ಟೇ ನೋಡಿದವನು ಕಾರ್ನ್‌ವಾಲಿಸ್ ಗೆದ್ದನೆಂದು ಬರೆದುಕೊಳ್ಳುತ್ತಾನೆ. ನಕ್ಷೆಯ ಮೇಲೆ ಎದುರಾಳಿಗೂ ಬುದ್ಧಿಯುಂಟೆಂದು ತಿಳಿದವನಿಗೆ ಮಾತ್ರ ಆ ವರ್ಷದ ಸೋಲು ಅರ್ಥವಾದೀತು.

ಆದ್ದರಿಂದ ಇಂಥ ದಂಡಯಾತ್ರೆಯನ್ನು ಹೂಡುವವನು ಮೊದಲು ಬರೆಯಬೇಕಾದದ್ದು ದಂಡು ಇಳಿಯುವ ಬಂದರನ್ನಲ್ಲ, ಒಳನಾಡನ್ನು. ಅಲ್ಲಿನ ರಾಜಧಾನಿ ಯಾವುದು, ಕಣಜ ಎಲ್ಲಿದೆ, ಸುಗ್ಗಿ ಯಾವಾಗ, ಆಸ್ಥಾನದಲ್ಲಿ ಯಾರಿಗೆ ಯಾರ ಮೇಲೆ ಅಸೂಯೆ, ಅವರಿಗೆ ಗೆಲುವೆಂದರೆ ಏನು—ಇವನ್ನೆಲ್ಲ ಬರೆದಿಟ್ಟು, ಆ ನಾಡನ್ನು ಬುದ್ಧಿವಂತನಾದ ಆಟಗಾರನೊಬ್ಬನ ಕೈಗೆ ಕೊಡಬೇಕು. ಹಾಗೆ ಮಾಡಿದರೆ ಬಣ್ಣ ಬಳಿದ ಕೆಂಪಂಗಿಯ ದಂಡು ಒಮ್ಮೊಮ್ಮೆ ಕರಾವಳಿಯನ್ನೇ ದಾಟದೆ ಹಿಂದಿರುಗಬಹುದು. ಹವ್ಯಾಸಿಗೆ ಅದು ನಿರಾಶೆಯೇ ಸರಿ. ಆದರೂ ಆ ಕಾಲದ ಚರಿತ್ರೆಯನ್ನು ತಾನು ಪ್ರೀತಿಸುತ್ತೇನೆಂದು ಹೇಳುವವನು ಅಷ್ಟು ನಿರಾಶೆಗೆ ಸಿದ್ಧನಿರಬೇಕು.